ಪೂಜೆಗಿಟ್ಟ ಸಾಕ್ಷಿ

2012ರ ವಿಜಯದಶಮಿಯ ಬೆಳಿಗ್ಗೆ ರಾಣಿ ಚಪ್ಪಲಿ ಬಿಡುವುದನ್ನೂ ಮರೆತು ನಮ್ಮ ಮತ್ತಿಕೆರೆ ಮನೆಯೊಳಗೆ ನುಗ್ಗಿದರು.

"ಗೋಪಾಲಮ್ನೋರೇ, ಪುಸ್ತಕ ಹೋಯ್ತು! ನಾಳೆ ಚೆನ್ನೈನಲ್ಲಿ ವಿಚಾರಣೆ!"

ಗೋಪಾಲಮ್ಮ ಆಸ್ಪತ್ರೆಯೊಂದರ ಫಾರ್ಮಸಿಸ್ಟ್ ಆಗಿ ನಿವೃತ್ತರಾದವರು. ಅವರ ಮಹಡಿಯಲ್ಲಿ ಬಾಡಿಗೆಗಿದ್ದ ನಾನು, ಮುಸರ್ರತ್, ಅವರು ಬಿಡಿಸಿದ ಕಗ್ಗಂಟುಗಳಿಗೆಲ್ಲ ಸಾಕ್ಷಿ. ಅವರ ಬೈಗುಳದಲ್ಲೂ ದೊಡ್ಡ ಪಾಲು ನನ್ನದೇ.

ರಾಣಿಗೆ ರಕ್ತದ ಕ್ಯಾನ್ಸರ್. ದಿನಕ್ಕೊಂದು ಮಾತ್ರೆ ಅವರನ್ನು ಉಳಿಸಿತ್ತು. ಇಲ್ಲಿ ಅಗ್ಗವಾಗಿ ತಯಾರಾಗುತ್ತಿದ್ದ ಆ ಮಾತ್ರೆಗೆ ವಿದೇಶಿ ಕಂಪನಿಯೊಂದು ಪೇಟೆಂಟ್ ಕೇಳಿತ್ತು. ಸಿಕ್ಕರೆ ಅಗ್ಗದ ಮಾತ್ರೆ ನಿಲ್ಲುತ್ತದೆ, ಕಂಪನಿಯ ಬೆಲೆ ರಾಣಿಯಂಥವರ ಕೈಗೆ ಎಟುಕುವಂಥದ್ದಲ್ಲ.

ಪೇಟೆಂಟ್ ಕೊಡಬಾರದೆಂದು ತಕರಾರು ಹಾಕಿದ್ದ, ರಾಣಿಯೂ ಸದಸ್ಯರಾಗಿದ್ದ ರೋಗಿಗಳ ಸಂಘದ ಆರ್.ಟಿ. ನಗರದ ಕಚೇರಿಯಲ್ಲಿ ವಕೀಲ ನಂದಕುಮಾರ್ ತಲೆ ಹಿಡಿದು ಕೂತಿದ್ದರು.

"ವಿಶ್ವ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದ್ಮೇಲೆ ಔಷಧಿಗೂ ಪೇಟೆಂಟ್ ಕೊಡ್ಲೇಬೇಕು, ಮೇಡಂ. ಆದ್ರೆ ಮೊದ್ಲೇ ಎಲ್ಲರಿಗೂ ಗೊತ್ತಿದ್ದ ಹಳೇದಕ್ಕೆ ಕೊಡೋ ಹಾಗಿಲ್ಲ. ಇದೇ ಔಷಧಿ ಬಗ್ಗೆ 1991ರಲ್ಲೇ ಅಚ್ಚಾದ ಪುಸ್ತಕ ನಮ್ಮತ್ರ ಇತ್ತು. ನಾವು ಕೊಟ್ಟ ಜೆರಾಕ್ಸ್ ನಕಲಿ ಅಂತಾರೆ ಕಂಪನಿಯೋರು. ನಾಳೆ ಮೂಲ ಪುಸ್ತಕ ತೋರಿಸ್ಲೇಬೇಕು."

ಹಿಂದಿನ ದಿನ ಆಯುಧ ಪೂಜೆ. ಮಧ್ಯಾಹ್ನ ಕಾರ್ಯದರ್ಶಿ ನಾಗೇಶ್ ಆ ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಗಂಟು ಕಟ್ಟಿ, ಪೆನ್ನುಗಳ ಜೊತೆ ಪೂಜೆಗಿಟ್ಟಿದ್ದರು. ಇಂದು ಬೆಳಿಗ್ಗೆ ಮಂಗಳಾರತಿ ಮುಗಿಸಿ ಬಿಚ್ಚಿದಾಗ ಗಂಟಿನಲ್ಲಿದ್ದದ್ದು ಒಂದು ಹಳೆಯ ಡೈರಿ.

"ಸಂಜೆ ಆರಕ್ಕೆ ನಾನೇ ಗಂಟು ಬಿಚ್ಚಿ, ಆ ಪುಟ ಓದಿ, ಮತ್ತೆ ಕಟ್ಟಿಟ್ಟೆ," ಎಂದರು ನಾಗೇಶ್. "ಆಮೇಲೆ ಇದ್ದೋಳು ಕಲಾವತಿ ಒಬ್ಬಳೇ. ಬೀಗ ಹಾಕಿದ್ದೂ ಅವಳೇ."

ಕಸ ಗುಡಿಸುವ ಕಲಾವತಿ ಅಳತೊಡಗಿದಳು. ನನಗೆ ಮೈಯೆಲ್ಲ ಉರಿಯಿತು. ಬಡವರ ಮೇಲೆ ಬೆರಳು ತೋರಿಸುವುದು ಎಷ್ಟು ಸುಲಭ!

ಗೋಪಾಲಮ್ಮ ಬಾಗಿಲಿಗೆ ಅಂಟಿಸಿದ್ದ ಕೊರಿಯರ್ ಚೀಟಿ ನೋಡುತ್ತಿದ್ದರು. "ನಿನ್ನೆ ಐದು ಗಂಟೆ. ಸಹಿ ಹಾಕಲಿಲ್ಲ. ಯಾಕಮ್ಮ, ಕಲಾವತಿ?"

"ಪೂಜೆ ದಿನ ಪೆನ್ ಮುಟ್ಟಲ್ಲ ಅಂದ್ರು ನಾಗೇಶಣ್ಣ. ಆ ಹುಡ್ಗ ತನ್ ಪೆನ್ನೇ ಕೊಟ್ರೂ ಮುಟ್ಲಿಲ್ಲ. ವಾಪಸ್ ಕಳ್ಸುದ್ರು."

ಗೋಪಾಲಮ್ಮ ಎಲ್ಲರನ್ನೂ ಕೂರಿಸಿದರು.

"ಮುಸರ್ರತ್, ನಿಂಗೊತ್ತಿರಲಿಕ್ಕಿಲ್ಲ. ಪೂಜೆಗಿಟ್ಟ ಪುಸ್ತಕನ ವಿಜಯದಶಮಿ ಬೆಳಿಗ್ಗೆ ಮಂಗಳಾರತಿ ಆಗೋವರೆಗೂ ತೆಗೆಯಲ್ಲ, ಓದಲ್ಲ. ಐದಕ್ಕೆ ಬೇರೆಯವರ ಪೆನ್ನೂ ಮುಟ್ಟದೋರು ಆರಕ್ಕೆ ಪೂಜೆ ಗಂಟು ಬಿಚ್ಚಿ ಓದಿದ್ರಂತೆ. ನಂಬೋ ಮಾತಾ? ಬಿಚ್ಚಲಿಲ್ಲ. ಮತ್ಯಾಕೆ ಹಾಗಂದ್ರು? ಆರು ಗಂಟೆವರೆಗೂ ಪುಸ್ತಕ ಇಲ್ಲೇ ಇತ್ತು ಅಂದ್ರೆ ಕಲಾವತಿ ಸಿಕ್ಕಿಬೀಳ್ತಾಳೆ. ನಿಜಕ್ಕೂ ಅದು ಪೂಜೆಗೇ ಬರ್ಲಿಲ್ಲ. ಕಟ್ಟುವಾಗ್ಲೇ ಡೈರಿ ಇಟ್ಟಿದ್ರು. ಕಟ್ಟಿದ್ದು ಯಾರು?"

ಎಲ್ಲರೂ ನಾಗೇಶ್ ಕಡೆ ತಿರುಗಿದರು.

"ಸುಟ್ಟುಬಿಟ್ಟಿದ್ರೆ?" ಎಂದೆ ನಾನು.

"ಇಂಥೋರು ಪುಸ್ತಕ ಸುಡ್ತಾರೇನೇ, ಪೆದ್ದಿ? ಅಬ್ಬಿಗೆರೆಯಲ್ಲಿ ಇವರ ದೇವರ ಮನೆ ನೋಡೋಣ ನಡಿ."

ಅಲ್ಲೇ ಇತ್ತು. ಅರಿಶಿನ ಕುಂಕುಮ ಹಚ್ಚಿಸಿಕೊಂಡು, ಮೇಲೊಂದು ಸೇವಂತಿಗೆ ಹೊತ್ತು ಸರಸ್ವತಿಯ ಪಟದ ಮುಂದೆ ಕೂತಿತ್ತು.

"ಮಗಳು ನಯನಾಗೆ ಕಂಪನೀಲಿ ಕೆಲಸ ಕೊಡ್ತೀವಿ ಅಂದ್ರು," ಎಂದು ನಾಗೇಶ್ ಗೊಣಗಿದರು. ಆಗಲೂ ಮಂಗಳಾರತಿ ಎತ್ತಿ, ಕಣ್ಣಿಗೊತ್ತಿಕೊಂಡೇ ಪುಸ್ತಕವನ್ನು ರಾಣಿಯ ಕೈಗಿಟ್ಟರು.

ರಾಣಿ ಅದನ್ನು ಎದೆಗವಚಿಕೊಂಡರು. "ಪುಸ್ತಕ ಸುಡೋಕೆ ಹೆದರಿದ್ರಿ, ನಾಗೇಶಣ್ಣ. ನಾನು ಸಾಯ್ತೀನಿ ಅಂತ ಹೆದರಿಕೆ ಆಗ್ಲಿಲ್ವಾ?"



ಮರುವರ್ಷದ ಮಾರ್ಚ್‌ನಲ್ಲಿ ಪೇಟೆಂಟ್ ನಿರಾಕರಿಸಿದ ಆದೇಶ ಬಂತು. ಅದನ್ನು ತೋರಿಸಲು ಬಂದ ರಾಣಿ ಮೊದಲು ಒಂದು ಲೋಟ ನೀರು ಕೇಳಿ, ಅಂದಿನ ಮಾತ್ರೆ ನುಂಗಿದರು.