ಬ್ರೆಡ್ ಇಲ್ಲದ ಮನೆಯ ಭಕ್ತ

“ಥೆಕ್ಲಾ, ಇದರ ಬಟ್ಟೆ ಎಲ್ಲಿ?” ಅಂತ ಅಜ್ಜಿ ಕೇಳಿದಳು.

ಅವಳು ಫೋರ್ಕಿನ ತುದಿಯಿಂದ ಪಾಲಕ್ ಪೈಯ ಒಂದು ಮೂಲೆ ಎತ್ತಿ, ಅಡಿಯಲ್ಲಿ ಇಣುಕಿ ನೋಡುತ್ತಿದ್ದಳು. ಅಡಿಯಲ್ಲಿ ಹಿಟ್ಟಿನ ಹಾಳೆ ಇರಲಿಲ್ಲ. ಮೇಲೂ ಇರಲಿಲ್ಲ. ಪಾಲಕ್, ಮೊಟ್ಟೆ, ಫೆಟಾ ಚೀಸ್ ಮೂರೇ ಸೇರಿಕೊಂಡು ತಟ್ಟೆಯಲ್ಲಿ ಹಸಿರಾಗಿ ನಡುಗುತ್ತಾ ಕೂತಿದ್ದವು.

“ಬಟ್ಟೆ ಇಲ್ಲ ಅತ್ತೆ. ಇದು ಲೋ ಕಾರ್ಬ್,” ಅಂದಳು ಅಮ್ಮ.

“ಪಾಪ, ಈ ಚಳಿಯಲ್ಲಿ,” ಅಂದಳು ಅಜ್ಜಿ.

ಅಪ್ಪ ಮೇಜಿನ ನಡುವೆ ಬ್ರೆಡ್ ಬುಟ್ಟಿ ಇರುತ್ತಿದ್ದ ಜಾಗವನ್ನೇ ನೋಡುತ್ತಿದ್ದ. ಈಗ ಅಲ್ಲಿ ಒಂದು ಬಟ್ಟಲು ಆಲಿವ್ ಇತ್ತು.

ಆಂಥಿ ಮಾತ್ರ ಗಬಗಬ ತಿಂದಳು. ಬೆಂದ ಪಾಲಕ್ ಹಿಂಡಿ ನೀರು ತೆಗೆದವಳು ಅವಳು. ಉಪ್ಪುನೀರಿನ ಡಬ್ಬಿಯಿಂದ ಫೆಟಾದ ಗಡ್ಡೆ ಎತ್ತಿ ಬೆರಳಲ್ಲಿ ಪುಡಿ ಮಾಡಿದವಳೂ ಅವಳೇ. ತಾನು ಮಾಡಿದ್ದನ್ನು ತಾನೇ ಬೇಡ ಅನ್ನುವುದು ಹೇಗೆ? ಹಿಂದಿನ ವಾರಕ್ಕಿಂತ ಇದು ವಾಸಿಯಾಗಿಯೂ ಇತ್ತು. ಹಿಂದಿನ ವಾರ, ಫೆಟಾದಲ್ಲೇ ಉಪ್ಪು ಇರುತ್ತದೆ ಅನ್ನುವುದನ್ನು ಮರೆತು ಅಮ್ಮ ಇನ್ನೊಂದು ಚಮಚ ಸುರಿದಿದ್ದಳು. ಅವತ್ತು ಸಂಜೆಯೆಲ್ಲ ನಾಲ್ಕೂ ಜನ ಊಟ ಮಾಡಿದ್ದಕ್ಕಿಂತ ನೀರು ಕುಡಿದಿದ್ದೇ ಹೆಚ್ಚು.

ಇದೆಲ್ಲ ಶುರುವಾಗಿದ್ದು ಕ್ರಿಸ್‌ಮಸ್ ಆದ ಮೇಲೆ. ಅಪ್ಪನ ರಕ್ತ ಪರೀಕ್ಷೆ ಮಾಡಿದ ಡಾಕ್ಟರ್, “ಲಾಂಬ್ರೋಸ್, ನಿನ್ನ ಶುಗರ್ ನಿನ್ನ ಬಸ್ಸಿಗಿಂತ ಜೋರಾಗಿ ಓಡ್ತಿದೆ,” ಅಂದಿದ್ದರು. ಬ್ರೆಡ್, ಪಾಸ್ತಾ, ಅನ್ನ, ಆಲೂಗಡ್ಡೆ ಎಲ್ಲ ಕಮ್ಮಿ ಮಾಡಬೇಕು. ಶುಗರ್ ಇಳಿಯದಿದ್ದರೆ ಇನ್ಸುಲಿನ್ ಸೂಜಿ. ಸೂಜಿ ಶುರುವಾದರೆ ಬಸ್ ಕಂಪನಿಯವರು ಸ್ಟಿಯರಿಂಗ್ ಮುಟ್ಟಲು ಬಿಡುವುದಿಲ್ಲ. ಟಿಕೆಟ್ ಕಿಟಕಿಯ ಹಿಂದೆ ಕೂರಿಸುತ್ತಾರೆ.

ಅಪ್ಪ ತಮ್ಮ ಊರು ಎಲಸ್ಸೋನದಿಂದ ಒಲಿಂಪಸ್ ಬೆಟ್ಟದ ಬುಡದ ಹಳ್ಳಿಗಳಿಗೆ ಬಸ್ ಓಡಿಸುತ್ತಿದ್ದ. ಒಂದೊಂದು ತಿರುವಿಗೂ ಒಂದೊಂದು ಥರ ಹಾರ್ನ್ ಹೊಡೆಯುತ್ತಿದ್ದ. ಹಳ್ಳಿಯ ಅಜ್ಜಿಯರಿಗೆ ಔಷಧಿ ತಂದುಕೊಡುತ್ತಿದ್ದ. ಒಮ್ಮೆ ಬಸ್ ಕೆಟ್ಟು ಒಂದು ವಾರ ಮನೆಯಲ್ಲಿ ಕೂತಾಗ, ಬಾತ್‌ರೂಮಿನ ಬಾಗಿಲಿಗೆ ಬಣ್ಣ ಹೊಡೆದು, ಅದು ಒಣಗಿದ ಮೇಲೆ ಮತ್ತೆ ಹೊಡೆದಿದ್ದ. ಅಂಥ ಅಪ್ಪನನ್ನು ಕಿಟಕಿಯ ಹಿಂದೆ ನೆನೆಸಿಕೊಳ್ಳಲು ಆಂಥಿಗೆ ಆಗುತ್ತಲೇ ಇರಲಿಲ್ಲ.

ಡಾಕ್ಟರ್ ಹೇಳಿದ್ದು ‘ಕಮ್ಮಿ ಮಾಡು’ ಅಂತ. ಅಮ್ಮ ಯಾವ ಕೆಲಸವನ್ನೂ ಕಮ್ಮಿ ಮಾಡುವವಳಲ್ಲ. ಮನೆಯ ಹೊಸ್ತಿಲು ದಾಟಿ ಒಂದು ಚೂರು ಬ್ರೆಡ್ಡೂ ಒಳಗೆ ಬರಬಾರದು ಅಂದಳು. ಅಪ್ಪನಿಗಾಗಿ ಎಲ್ಲರೂ ಬಿಡಬೇಕು.

“ನಮ್ಮಮ್ಮ ಯುದ್ಧದ ಕಾಲದಲ್ಲಿ ಕನಸಲ್ಲಿ ಬ್ರೆಡ್ ಕಾಣ್ತಿದ್ದಳಂತೆ. ಈಗ ನಮ್ಮ ಬೀದಿಯಲ್ಲೇ ಎರಡು ಬೇಕರಿ ಇವೆ. ನನಗೂ ಕನಸಲ್ಲೇ,” ಅಂದಳು ಅಜ್ಜಿ.

ಎಲ್ಲಕ್ಕಿಂತ ಕಷ್ಟವಾಗುತ್ತಿದ್ದದ್ದು ಅಮ್ಮ ಓವನ್ನಿನಲ್ಲಿ ಫೆಟಾ ಬೇಯಿಸಿದ ದಿನ. ಮಣ್ಣಿನ ಬಟ್ಟಲಲ್ಲಿ ಫೆಟಾದ ದಪ್ಪ ಹಲಗೆ, ಅದರ ಮೇಲೆ ಟೊಮ್ಯಾಟೊ, ಖಾರದ ಮೆಣಸಿನಕಾಯಿ, ಆಲಿವ್ ಎಣ್ಣೆ. ತಿಂದು ಮುಗಿದ ಮೇಲೆ ತಳದಲ್ಲಿ ಕೆಂಪು ರಸ ಉಳಿಯುತ್ತಿತ್ತು. ನಾಲ್ಕು ಜನರೂ ಆ ರಸವನ್ನು ನೋಡುತ್ತಾ ಕೂರುತ್ತಿದ್ದರು. ಬ್ರೆಡ್ ಅದ್ದುವುದಕ್ಕೆಂದೇ ಹುಟ್ಟಿದ ರಸ ಅದು.

“ಚಮಚ ಇದೆಯಲ್ಲ,” ಅನ್ನುತ್ತಿದ್ದಳು ಅಮ್ಮ.

“ಚಮಚಕ್ಕೆ ಹೀರೋಕೆ ಬರಲ್ಲ ಥೆಕ್ಲಾ,” ಅನ್ನುತ್ತಿದ್ದ ಅಪ್ಪ.

ಹೀಗಿರುವಾಗ ಒಂದು ಭಾನುವಾರ ಬೆಳಿಗ್ಗೆ ಅಪ್ಪ ಮದುವೆಯ ಕೋಟು ಹಾಕಿಕೊಂಡು ರೂಮಿನಿಂದ ಹೊರಗೆ ಬಂದ.

“ಅಮ್ಮಾ, ನಾನೂ ಚರ್ಚಿಗೆ ಬರ್ತೀನಿ,” ಅಂತ ಅಜ್ಜಿಗೆ ಹೇಳಿದ.

ಅಜ್ಜಿ ಕೈಯಲ್ಲಿದ್ದ ಮೇಣದಬತ್ತಿ ಕೆಳಗೆ ಬೀಳಿಸಿದಳು. ಈಸ್ಟರ್, ಮದುವೆ, ಇವೆರಡು ಬಿಟ್ಟರೆ ಅಪ್ಪ ಚರ್ಚಿನ ಮುಂದೆ ಬಸ್ ನಿಲ್ಲಿಸುತ್ತಿದ್ದನೇ ಹೊರತು ಒಳಗೆ ಕಾಲಿಟ್ಟವನಲ್ಲ.

ಅವತ್ತಿನಿಂದ ಒಂದು ಭಾನುವಾರವೂ ತಪ್ಪಲಿಲ್ಲ. ಆಮೇಲೆ ಶನಿವಾರ ಸಂಜೆಯ ಪೂಜೆಗೂ ಹೊರಟ. ಆಮೇಲೆ ಸತ್ತವರ ತಿಥಿಗಳಿಗೂ ಹೋಗತೊಡಗಿದ.

“ಇವತ್ತು ತಿಥಿ ಇರೋ ಸ್ಟೆರ್ಯೋಸ್ ನಿನಗೆ ಗೊತ್ತಿದ್ನಾ?” ಅಂತ ಅಮ್ಮ ಒಂದು ದಿನ ಕೇಳಿದಳು.

“ಬಸ್ಸಲ್ಲಿ ಬರ್ತಿದ್ದ ಅನ್ಸುತ್ತೆ.”

“ಅವನು ಹತ್ತು ವರ್ಷದಿಂದ ಹಾಸಿಗೆ ಹಿಡಿದಿದ್ದ.”

“ಅದಕ್ಕೆ ಮೊದಲು,” ಅಂದ ಅಪ್ಪ, ಟೈ ಸರಿಮಾಡಿಕೊಳ್ಳುತ್ತಾ.

ಅಜ್ಜಿ ಲಾರಿಸಾದಲ್ಲಿದ್ದ ತಂಗಿಗೆ ಫೋನ್ ಮಾಡಿದಳು. “ಹೂಂ ಕಣೇ, ಪಕ್ಕದಲ್ಲೇ ನಿಂತಿರ್ತಾನೆ. ಎರಡು ಗಂಟೆ. ನನ್ನ ಕೈಚೀಲ ಹಿಡ್ಕೊಂಡು. ಇಲ್ಲ, ನಿದ್ದೆ ಮಾಡಲ್ಲ. ಕೊನೇವರೆಗೂ ಇರ್ತಾನೆ, ಕೊನೇವರೆಗೂ.” ಅದನ್ನೇ ನಾದಿನಿಗೆ ಫೋನ್ ಮಾಡಿ ಹೇಳಿದಳು. ಅಂಗಡಿಯವನಿಗೂ ಹೇಳಿದಳು. ಬ್ರೆಡ್ ಇಲ್ಲದ ಸಂಕಟವನ್ನೇ ಮರೆತವಳಂತೆ, ಬಟ್ಟೆ ಇಲ್ಲದ ಪೈಯನ್ನು ಎರಡನೇ ಸಲ ಹಾಕಿಸಿಕೊಂಡಳು.

ಫೆಬ್ರವರಿಯಲ್ಲಿ ಒಬ್ಬ ಸಂತನ ಹಬ್ಬ ಬಂತು. ಹಿಂದಿನ ಸಂಜೆಯ ಪೂಜೆಗೆ ಆಂಥಿಯೂ ಹೋದಳು. ಅಂಥ ಸಂಜೆಗಳಲ್ಲಿ ಐದು ದೊಡ್ಡ ಸಿಹಿ ಬ್ರೆಡ್ಡುಗಳನ್ನು ಪಾದ್ರಿಯ ಮುಂದಿಟ್ಟು ಪೂಜೆ ಮಾಡುತ್ತಾರೆ. ಮುಗಿದ ಮೇಲೆ ತುಂಡು ಮಾಡಿ, ಬುಟ್ಟಿಯಲ್ಲಿಟ್ಟು ಎಲ್ಲರಿಗೂ ಹಂಚುತ್ತಾರೆ. ಭಾನುವಾರದ ಪೂಜೆಯಲ್ಲೂ ತಿಥಿಗಳಲ್ಲೂ ಬ್ರೆಡ್ ಹಂಚುತ್ತಾರೆ, ತುಂಡು ಮಾತ್ರ ಚಿಕ್ಕದು.

ಅಪ್ಪ ಸಾಲಿನಲ್ಲಿ ಹೋಗಿ ಒಂದು ತುಂಡು ತೆಗೆದುಕೊಂಡ. ಮತ್ತೆ ಹೋಗಿ, “ಇದು ನಮ್ಮಮ್ಮನಿಗೆ, ಅವಳಿಗೆ ನಿಲ್ಲೋಕಾಗಲ್ಲ,” ಅಂತ ಒಂದು ತೆಗೆದುಕೊಂಡ. ಮೂರನೇ ಸಲ, “ಪಕ್ಕದ ಮನೆಯವರಿಗೆ ಮಂಡಿ ನೋವು, ಪಾಪ,” ಅಂದ. ಆಮೇಲೆ ಹೊರಗೆ ಹೋದ.

ಆಂಥಿ ಹಿಂದೆಯೇ ಹೋದಳು. ಚರ್ಚಿನ ಹಿಂದೆ, ಗಿಡ್ಡ ಗೋಡೆಯ ಮೇಲೆ ಅಪ್ಪ ಒಬ್ಬನೇ ಕೂತಿದ್ದ. ಕಣ್ಣು ಮುಚ್ಚಿತ್ತು. ಕೆನ್ನೆ ಎರಡೂ ಉಬ್ಬಿದ್ದವು. ಒಳಗೆ ಪೂಜೆಯ ಹೊತ್ತಿನಲ್ಲಿ ಇಲ್ಲದಿದ್ದ ಭಕ್ತಿಯೆಲ್ಲ ಈಗ ಮುಖದ ಮೇಲಿತ್ತು.

“ಅಪ್ಪ.”

ಅಪ್ಪ ಅಗಿಯುವುದನ್ನು ನಿಲ್ಲಿಸಿದ.

“ಅದು ಅಜ್ಜಿದಾ, ಪಕ್ಕದ ಮನೆಯವರದಾ?”

ಅಪ್ಪ ಕಷ್ಟಪಟ್ಟು ನುಂಗಿದ. “ಇದು ಬ್ರೆಡ್ ಅಲ್ಲ ಆಂಥಿ. ಪ್ರಸಾದ.”

“ಅದಕ್ಕೆ ಸಕ್ಕರೆ ಹಾಕ್ತಾರೆ.”

“ಪಾದ್ರಿ ಮಂತ್ರ ಹೇಳಿದ ಮೇಲೆ ಅದೆಲ್ಲ ಲೆಕ್ಕಕ್ಕೆ ಬರಲ್ಲ.”

“ಡಾಕ್ಟರ್ ಹೇಳಿದ್ರಾ?”

“ಡಾಕ್ಟರ್ ಚರ್ಚಿಗೇ ಬರಲ್ಲ, ಅವರಿಗೇನು ಗೊತ್ತು?” ಅಂದ ಅಪ್ಪ. ಆಮೇಲೆ ಮೆತ್ತಗೆ ಕೇಳಿದ, “ಅಮ್ಮನಿಗೆ ಹೇಳ್ತೀಯಾ?”

ಹೇಳಿದರೆ ಅಮ್ಮ ಕೂಗಾಡುತ್ತಾಳೆ, ಅಜ್ಜಿಗೆ ಗೊತ್ತಾಗುತ್ತದೆ. ಮತ್ತೆ ಅಜ್ಜಿ ಲಾರಿಸಾಗೆ ಫೋನ್ ಮಾಡಿ ಏನಂತ ಹೇಳುತ್ತಾಳೆ? ಹೇಳದಿದ್ದರೆ ಸೂಜಿ, ಟಿಕೆಟ್ ಕಿಟಕಿ. ಆಂಥಿ ಅಪ್ಪನ ಕೋಟಿನ ಮೇಲಿದ್ದ ಚೂರುಗಳನ್ನು ಕೈಯಿಂದ ಒರೆಸಿ ಹಾಕಿದಳು. ಒರೆಸಿದ ಮೇಲೆ, ತಾನು ಮಾಡಿದ್ದು ಸರಿಯಲ್ಲ ಅನ್ನಿಸಿತು.

ಮುಂದಿನ ವಾರ ಚೀಸ್ ವಾರ. ದೊಡ್ಡ ಉಪವಾಸಕ್ಕೆ ಮುಂಚಿನ ಆ ವಾರ ಮಾಂಸ ಬಿಟ್ಟು ಹಾಲು, ಮೊಟ್ಟೆ, ಚೀಸ್ ತಿನ್ನುತ್ತಾರೆ. ಆ ಒಂದು ವಾರ ದೇವರೂ ಡಾಕ್ಟರೂ ಒಂದೇ ಮಾತು ಹೇಳಿದಂತಾಯಿತು. ಅಮ್ಮ ಹೂಕೋಸಿನ ಮೇಲೆ ಫೆಟಾ, ಬದನೆಕಾಯಿಯೊಳಗೆ ಫೆಟಾ, ಆಮ್ಲೆಟ್ಟಿನಲ್ಲಿ ಫೆಟಾ ಮಾಡಿದಳು. ಅಜ್ಜಿ ಒಂದರಲ್ಲೂ ತಪ್ಪು ಹುಡುಕಲಿಲ್ಲ. ಮನೆಯಲ್ಲಿ ಎಷ್ಟು ಶಾಂತಿ ಇತ್ತೆಂದರೆ ಆಂಥಿಗೆ ಭಯವಾಯಿತು.

ಶಾಂತಿ ಭಾನುವಾರಕ್ಕೆ ಮುಗಿಯಿತು. ಶುದ್ಧ ಸೋಮವಾರದಿಂದ ಈಸ್ಟರ್‌ವರೆಗೆ ಮಾಂಸವೂ ಇಲ್ಲ, ಚೀಸೂ ಇಲ್ಲ, ಮೊಟ್ಟೆಯೂ ಇಲ್ಲ.

ಆ ಸೋಮವಾರ ಊರಿಗೆ ಊರೇ ಗಾಳಿಪಟ ಹಿಡಿದು ಗುಡ್ಡ ಹತ್ತುತ್ತದೆ. ಇವರೂ ಹತ್ತಿದರು. ಆಂಥಿ ಪಟ ಹಾರಿಸಿ, ದಾರವನ್ನು ಒಂದು ಕಲ್ಲಿಗೆ ಕಟ್ಟಿದಳು. ಚಾಪೆ ಹಾಸಿ ಕೂತ ಕೂಡಲೇ ಅಜ್ಜಿ ಚೀಲದಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದಳು. ಎಳ್ಳು ಮೆತ್ತಿದ, ಅಗಲವಾದ ಚಪ್ಪಟೆ ಬ್ರೆಡ್. ವರ್ಷಕ್ಕೆ ಆ ಒಂದೇ ದಿನ ಬೇಕರಿಯವರು ಅದನ್ನು ಸುಡುತ್ತಾರೆ. ಇನ್ನೂ ಬಿಸಿ ಇತ್ತು.

“ಅತ್ತೆ,” ಅಂದಳು ಅಮ್ಮ.

“ನಾನೇನು ಮನೆಗೆ ತಂದ್ನಾ? ಗುಡ್ಡಕ್ಕೆ ತಂದೆ.”

ಅಮ್ಮ ತನ್ನ ಡಬ್ಬಿಯ ಮುಚ್ಚಳ ತೆಗೆದಳು. ಫೆಟಾ ತುಂಬಿ ಸುಟ್ಟ ಕೆಂಪು ಮೆಣಸಿನಕಾಯಿಗಳು. ಅಜ್ಜಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

“ಇವತ್ತು ಚೀಸಾ? ಇವತ್ತು?”

“ಕಾಯಿಲೆಯವರಿಗೆ ಉಪವಾಸ ಇಲ್ಲ. ಪಾದ್ರಿಗಳೇ ಹೇಳ್ತಾರೆ.”

“ಅವನು ಈಗ ಹಳೇ ಲಾಂಬ್ರೋಸ್ ಅಲ್ಲ. ಅವನನ್ನೇ ಕೇಳು.”

ಇಬ್ಬರೂ ಅಪ್ಪನ ಕಡೆ ನೋಡಿದರು. ಎಡಗಡೆ ಬ್ರೆಡ್, ಬಲಗಡೆ ಚೀಸ್. ಅಪ್ಪ ಕೆಮ್ಮಿದ. “ಇಷ್ಟು ದಿನ ಚರ್ಚಿಗೆ ಹೋಗಿ, ಈಗ ಉಪವಾಸ ಮುರಿದರೆ ಚೆನ್ನಾಗಿರಲ್ಲ ಅಲ್ವಾ ಥೆಕ್ಲಾ,” ಅಂದ. ಅವನ ಎಡಗೈ ಬಹಳ ಭಕ್ತಿಯಿಂದ ಬ್ರೆಡ್ಡಿನ ಕಡೆ ಹೊರಟಿತು.

“ಅಪ್ಪ, ಗುರುವಾರ ನಿನ್ನ ಶುಗರ್ ಟೆಸ್ಟ್ ಇದೆ,” ಅಂದಳು ಆಂಥಿ. ಅವಳ ಸ್ವರ ಅವಳಿಗೇ ಸರಿಯಾಗಿ ಕೇಳಿಸಲಿಲ್ಲ.

ಕೈ ನಿಂತಿತು.

“ಇದ್ರೆ ಏನೀಗ? ಎರಡು ತಿಂಗಳಾಯ್ತು, ಒಂದು ತುಂಡು ಬ್ರೆಡ್ ಮುಟ್ಟಿಲ್ಲ ಅವನು,” ಅಂದಳು ಅಮ್ಮ ಹೆಮ್ಮೆಯಿಂದ.

ಆಂಥಿ ಚಾಪೆಯ ಅಂಚು ಕೀಳತೊಡಗಿದಳು. ಕಣ್ಣು ತುಂಬಿಕೊಂಡಿದ್ದು ಯಾರಿಗೂ ಕಾಣದಿರಲಿ ಅಂತ ತಲೆ ಬಗ್ಗಿಸಿದ್ದಳು. ಆದರೆ ಅಜ್ಜಿ ಅವಳನ್ನೇ ನೋಡುತ್ತಿದ್ದಳು. ಸ್ವಲ್ಪ ಹೊತ್ತು ನೋಡಿ, ಬ್ರೆಡ್ಡನ್ನು ಮತ್ತೆ ಬಟ್ಟೆಯಲ್ಲಿ ಸುತ್ತಿ ಬೆನ್ನ ಹಿಂದೆ ಇಟ್ಟುಕೊಂಡಳು.

ಆಮೇಲೆ ಬರಿಗೈಯಲ್ಲಿ ಫೆಟಾದ ಮೆಣಸಿನಕಾಯಿ ಎತ್ತಿ ಅಪ್ಪನ ಪ್ಲೇಟಿಗೆ ಹಾಕಿದಳು. ಶುದ್ಧ ಸೋಮವಾರ ಚೀಸ್ ಇದ್ದ ಪಾತ್ರೆಯನ್ನೂ ಮುಟ್ಟದ ಅಜ್ಜಿ.

“ತಿನ್ನು,” ಅಂದಳು.

“ಉಪವಾಸ?”

“ನಿನ್ನ ಪಾಲಿಂದೂ ನಾನೇ ಮಾಡ್ತೀನಿ.” ಬೆರಳುಗಳನ್ನು ಹುಲ್ಲಿಗೆ ಒರೆಸಿಕೊಂಡಳು.

ಅಮ್ಮನಿಗೆ ಎಷ್ಟು ಆಶ್ಚರ್ಯವಾಯಿತೆಂದರೆ, ಗೆದ್ದಿದ್ದು ತಾನೇ ಅನ್ನುವುದೂ ಹೊಳೆಯಲಿಲ್ಲ. ನೀರು ತರುತ್ತೇನೆ ಅಂತ ಎದ್ದು ಹೋದಳು.

ಅವಳು ದೂರ ಹೋದ ಮೇಲೆ ಅಜ್ಜಿ ಮೆಲ್ಲಗೆ ಅಂದಳು, “ಇನ್ಮೇಲೆ ಆ ಬುಟ್ಟಿ ಹತ್ತಿರ ಹೋಗಬೇಡ.”

“ಯಾವ ಬುಟ್ಟಿ?” ಅಂದ ಅಪ್ಪ.

“ನನಗೆ ಕಣ್ಣು ಮಂಜಾಗಿರೋದು ನಿಜ ಮಗಾ. ಆದರೆ ನನ್ನ ಹೆಸರು ಹೇಳಿ ನೀನು ತಗೊಂಡ ತುಂಡು ಒಂದು ದಿನವೂ ನನ್ನ ಕೈಗೆ ಬಂದಿಲ್ಲ.”

ಅಪ್ಪನ ಕಿವಿ ಕೆಂಪಾದವು. ಪ್ಲೇಟಿನಲ್ಲಿದ್ದುದನ್ನು ಬೇಗ ಬೇಗ ತಿಂದ.

“ಗೊತ್ತಿದ್ದೂ ಯಾಕೆ ಸುಮ್ಮನಿದ್ದೆ ಅಜ್ಜಿ?” ಅಂತ ಆಂಥಿ ಕೇಳಿದಳು.

“ಪಟ ಕೆಳಗೆ ಬರ್ತಿದೆ ನೋಡು. ದಾರ ಎಳಿ,” ಅಂದಳು ಅಜ್ಜಿ.

ಗುರುವಾರ ಟೆಸ್ಟ್ ಆಯಿತು. ಶುಗರ್ ಸ್ವಲ್ಪ ಇಳಿದಿತ್ತು, ಸ್ವಲ್ಪವೇ. “ಇನ್ನೂ ಇಳೀಬೇಕಿತ್ತು. ಸದ್ಯಕ್ಕೆ ಸೂಜಿ ಬೇಡ, ಬಸ್ ಓಡಿಸು. ಈಸ್ಟರ್ ಆದ ಮೇಲೆ ಮತ್ತೆ ನೋಡೋಣ,” ಅಂದರು ಡಾಕ್ಟರ್. ಇಷ್ಟೆಲ್ಲ ಮಾಡಿಯೂ ಯಾಕೆ ಇನ್ನೂ ಹೆಚ್ಚು ಇಳಿಯಲಿಲ್ಲ ಅಂತ ಅಮ್ಮ ಎರಡು ದಿನ ತಲೆ ಕೆಡಿಸಿಕೊಂಡಳು. ಕೊನೆಗೆ ತಪ್ಪೆಲ್ಲ ಆಲಿವ್‌ನದ್ದು ಅಂತ ತೀರ್ಮಾನ ಮಾಡಿ ಆ ಬಟ್ಟಲನ್ನೂ ಮೇಜಿನಿಂದ ತೆಗೆದಳು.

ಭಾನುವಾರ ಬೆಳಿಗ್ಗೆ ಅಜ್ಜಿ ಯಾವತ್ತಿಗಿಂತ ಬೇಗ ತಯಾರಾಗಿ ಬಾಗಿಲ ಬಳಿ ನಿಂತಿದ್ದಳು. ಅವಳ ಜೊತೆ ಹೋಗಲು ಆಂಥಿಯೂ ಶೂ ಹಾಕಿಕೊಂಡಿದ್ದಳು. ಅಪ್ಪನ ರೂಮಿನ ಬಾಗಿಲು ಮುಚ್ಚಿತ್ತು.

ಅಜ್ಜಿ ತಲೆವಸ್ತ್ರ ಕಟ್ಟಿಕೊಂಡಳು. ಬಿಚ್ಚಿದಳು. ಮತ್ತೆ ಕಟ್ಟಿಕೊಂಡಳು. ಕೈಚೀಲ ತೆರೆದು ಒಳಗೆ ನೋಡಿ ಮುಚ್ಚಿದಳು. ರೂಮಿನ ಕಡೆ ಮಾತ್ರ ನೋಡಲಿಲ್ಲ. ದೂರದಲ್ಲಿ ಗಂಟೆ ಹೊಡೆಯತೊಡಗಿತು.

“ಸರಿ, ಹೊರಡೋಣ,” ಅಂದಳು ಅಜ್ಜಿ. ಆದರೆ ಅವಳ ಕಾಲು ಏಳಲಿಲ್ಲ.

ಆಂಥಿ ಅವಳ ಮುಖ ನೋಡಿದಳು. ಆಮೇಲೆ ಬಗ್ಗಿ, ಗಟ್ಟಿಯಾಗಿ ಕಟ್ಟಿದ್ದ ಶೂ ಲೇಸಿನ ತುದಿ ಹಿಡಿದು ಸದ್ದಿಲ್ಲದೆ ಎಳೆದಳು.

“ಸ್ವಲ್ಪ ತಡಿ ಅಜ್ಜಿ. ನನ್ನ ಲೇಸ್ ಬಿಚ್ಚಿಕೊಂಡಿದೆ.”

“ನಿಧಾನವಾಗಿ ಕಟ್ಟು. ಅವಸರ ಏನಿಲ್ಲ,” ಅಂದಳು ಅಜ್ಜಿ.

ಒಳಗೆ ಬೀರುವಿನ ಬಾಗಿಲು ತೆರೆದ ಸದ್ದಾಯಿತು. ಅಪ್ಪನಿಗೆ ಟೈ ಕಟ್ಟಲು ಯಾವಾಗಲೂ ತುಂಬಾ ಹೊತ್ತು ಬೇಕು. ಆಂಥಿ ಇನ್ನೊಂದು ಶೂವಿನ ಲೇಸನ್ನೂ ಬಿಚ್ಚಿದಳು.