ಕೊಡೆ ಮಡಚುವ ಬಾಗಿಲು

ಹನ್ನೆರಡು ವರ್ಷದಿಂದ ಆ ಚರ್ಚಿನ ಬೀಗದ ಕೈ ನನ್ನ ಬಳಿಯೇ ಇದೆ. ಜರ್ಮನರ ಬಾಂಬಿಗೆ ಚಾವಣಿ ಹಾರಿಹೋದ ಮೇಲೆ, ಇಂಗ್ಲೆಂಡಿನ ನಮ್ಮ ಬಂದರು ಊರಿನವರು ಅದನ್ನು ಯುದ್ಧದ ಸ್ಮಾರಕವೆಂದು ಹಾಗೇ ಉಳಿಸಿಕೊಂಡಿದ್ದಾರೆ: ನಾಲ್ಕು ಗೋಡೆ, ಮೇಲೆ ಆಕಾಶ. ನಾನು ಸುಲಭಕ್ಕೆ ಹೆದರುವವನಲ್ಲ, ಕಂಡದ್ದನ್ನಷ್ಟೇ ಹೇಳುತ್ತೇನೆ.

ಮೊದಲ ವರ್ಷದ ನವೆಂಬರಿನಲ್ಲಿ, ಹಾಡುಹಗಲೇ, ಧೋ ಎಂದು ಮಳೆ ಸುರಿಯುವಾಗ ವಿನಿಫ್ರೆಡ್ ಅಜ್ಜಿ ಬಂದರು. ಬಾಂಬು ಬಿದ್ದ ದಿನ ತಾಯಿಯನ್ನು ಅಲ್ಲೇ ಕಳೆದುಕೊಂಡವರು. ಬಾಗಿಲಲ್ಲಿ ನಿಂತು ಕೊಡೆ ಮಡಚಿದರು.

“ಮೇಲೆ ಸೂರೇ ಇಲ್ಲ ಅಜ್ಜಿ, ನೆನೀತೀರಿ!” ಎಂದೆ.

“ಚರ್ಚೊಳಗೆ ಯಾರಾದ್ರೂ ಕೊಡೆ ಬಿಚ್ತಾರೇನೋ? ನಿಮ್ಮಮ್ಮ ಇಷ್ಟೂ ಕಲಿಸ್ಲಿಲ್ವಾ?” ಎಂದು ಗದರಿದರು.

ಗೋಡೆಗಂಟಿದ ಕಲ್ಲುಬೆಂಚಿನ ತುದಿಯಲ್ಲಿ ಕೂತರು. ನಾನು ಕೊಡೆ ಹಿಡಿದೇ ಪಕ್ಕದಲ್ಲಿ ಕೂರಲು ಹೋದೆ.

“ಅಲ್ಲಿ ಬೇಡ. ಅದು ಅಮ್ಮನ ಜಾಗ.”

ಅಷ್ಟರಲ್ಲಿ ನನ್ನ ಕೊಡೆಯ ಮೇಲಿನ ಪಟಪಟ ಸದ್ದು ನಿಂತಿತು. ಎರಡು ಹೆಜ್ಜೆ ಆಚೆ ಮಳೆ ಸುರಿಯುತ್ತಲೇ ಇತ್ತು. ಆಗಷ್ಟೇ ಆರಿಸಿದ ಮೇಣದಬತ್ತಿಯ ವಾಸನೆ ಬಂತು. ಅರ್ಧ ಗಂಟೆಯ ಮೇಲೆ ಅಜ್ಜಿ ಎದ್ದಾಗ ಅವರ ಉಣ್ಣೆಯ ಕೋಟಿನ ಮೇಲೆ ಒಂದು ಹನಿಯೂ ಇರಲಿಲ್ಲ.

ಅಂದಿನಿಂದ ಪ್ರತಿ ಮಳೆಯಲ್ಲೂ ನೋಡಿದ್ದೇನೆ: ಬೆಂಚೆಲ್ಲ ತೊಯ್ದರೂ ಒಬ್ಬರು ಕೂರುವಷ್ಟು ಜಾಗ ಒಣಗಿಯೇ ಇರುತ್ತಿತ್ತು.

ಕಳೆದ ಏಪ್ರಿಲ್‌ನಲ್ಲಿ ಅಜ್ಜಿ ತೀರಿಕೊಂಡರು. ಮಣ್ಣು ಮಾಡಿದ ದಿನವೂ ಜೋರು ಮಳೆ. ಸಂಜೆ ಬೀಗ ಹಾಕಲು ಹೋದವನು ಬಾಗಿಲಲ್ಲೇ ಕೊಡೆ ಮಡಚಿ ಒಳಗೆ ಕಾಲಿಟ್ಟೆ.

ಬೆಂಚಿನ ಮೇಲೆ ಇಬ್ಬರು ಕೂರುವಷ್ಟು ಜಾಗ ಒಣಗಿತ್ತು.