ಮಾತಾಡಿದರೆ ಗೊತ್ತಾಗಿಬಿಡುತ್ತೆ!

"ಕೆಳಗೆ ನೋಡ್ಬೇಡಿ... ಎದುರಿಗೆ ನೋಡಿ. ಹಾಂ, ಈಗ ಕಾಲಿಡಿ!"

ಆ ಧ್ವನಿ ಕೇಳಿದ್ದೇ ತಡ, ಅವಳ ಎದೆ ಧಸಕ್ಕೆಂದಿತು.

ನೆಲದಡಿಯ ರೈಲು ನಿಲ್ದಾಣಕ್ಕೆ ಇಳಿಯುವ ಎಸ್ಕಲೇಟರಿನ ತುದಿಯಲ್ಲಿ ಅವಳು ಕಂಬದಂತೆ ನಿಂತುಬಿಟ್ಟಿದ್ದಳು. ಹಿಂದಿನಿಂದ ಜನ "ಇಳೀರಿ, ಇಲ್ಲಾಂದ್ರೆ ದಾರಿ ಬಿಡಿ!" ಎಂದು ಗೊಣಗುತ್ತಿದ್ದರು. ಪಕ್ಕದಿಂದ ಯಾರೋ ಕೈ ಚಾಚಿದ್ದರು. ಆ ಮುಖವನ್ನು ಅವಳು ಯಾವತ್ತೂ ನೋಡಿರಲಿಲ್ಲ. ಆದರೆ ಧ್ವನಿ?

'ಅಯ್ಯೋ ದೇವರೇ... ಇವರೇ!'

ಅವಳು ಚಿಕ್ಕ ಊರಿನ ಲ್ಯಾಬೊಂದರಲ್ಲಿ ಹಲ್ಲಿನ ಸೆಟ್ ಮಾಡುವವಳು. ಆತ ಈ ಮಹಾನಗರದ ದಂತ ಚಿಕಿತ್ಸಾಲಯದಿಂದ ಆರ್ಡರ್ ಕಳಿಸುವವನು. "ಮೇಲಿನ ಸೆಟ್ ಬಿಗಿ ಆಯ್ತಂತೆ" ಎಂದು ಶುರುವಾದ ಫೋನ್ ಮಾತು ಎರಡು ವರ್ಷದಲ್ಲಿ ಎಲ್ಲೆಲ್ಲಿಗೋ ಹೋಗಿತ್ತು. ಯಾರದೋ ಬೊಚ್ಚು ಬಾಯಿಯ ಪುಣ್ಯದಿಂದ ಇಲ್ಲೊಂದು ಪ್ರೇಮ ಮೊಳಕೆಯೊಡೆದಿತ್ತು ಅನ್ನಿ! ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಕಳೆದ ವಾರ ಅವಳೇ ಸಂಭ್ರಮದಿಂದ ಫೋನ್ ಮಾಡಿದ್ದಳು. "ಹೊಸ ಯಂತ್ರದ ತರಬೇತಿಗೆ ನಿಮ್ಮೂರಿಗೆ ಬರ್ತಿದ್ದೀನಿ. ಕೊನೇ ದಿನ ಪೂರ್ತಿ ಬಿಡುವು!"

"ಅಯ್ಯೋ, ಅವತ್ತೇ ನಮ್ಮ ಮನೆಯವರಿಗೆ ಕಣ್ಣಿನ ಆಪರೇಷನ್. ಆದ್ರೂ ಹೇಗಾದ್ರೂ ಮಾಡಿ..."

ಮುಂದಿನದು ಅವಳ ಕಿವಿಗೆ ಬೀಳಲೇ ಇಲ್ಲ. ಮನೆಯವರು! ಅಂದರೆ ಹೆಂಡತಿ! ಫೋನ್ ಇಟ್ಟವಳು ಮತ್ತೆ ಅವನ ಒಂದು ಕರೆಯನ್ನೂ ಎತ್ತಿರಲಿಲ್ಲ.

ಹಾಗಾದರೆ ಇವತ್ತು ಇಲ್ಲಿಗೇಕೆ ಬಂದಳು? ಕೇಳಿದರೆ "ಊರು ನೋಡೋಕೆ" ಎನ್ನುತ್ತಾಳೆ. ಬೆಳಿಗ್ಗೆ ಅಮ್ಮ ಫೋನಿನಲ್ಲಿ "ಒಬ್ಬಳೇ ಎಲ್ಲೂ ಹೋಗ್ಬೇಡ, ರೂಮಲ್ಲೇ ಬಿದ್ದಿರು" ಎಂದು ಗದರಿದ್ದರೂ ಬ್ಯಾಗನ್ನು ಎದೆಗವಚಿಕೊಂಡು ಹೊರಟಿದ್ದಳು. ವಸ್ತುಸಂಗ್ರಹಾಲಯದಲ್ಲಿ ಹೊರಬಾಗಿಲು ಸಿಗದೆ ಒಂದೇ ತಿಮಿಂಗಿಲದ ಎಲುಬನ್ನು ಮೂರು ಸಲ ಸುತ್ತಿದಳು. ರಸ್ತೆ ದಾಟಲಾರದೆ ಶಾಲೆಯ ಮಕ್ಕಳ ಸಾಲಿನಲ್ಲಿ ಸೇರಿಕೊಂಡಳು. ಹೋದಲ್ಲೆಲ್ಲ ಯಾರೋ ಹಿಂದೆ ಬರುತ್ತಿದ್ದಾರೆ ಎಂಬ ಭಯ. ಆದರೂ ಅವಳು ಆರಿಸಿಕೊಂಡ ಜಾಗಗಳೆಲ್ಲ ಅವನು ಫೋನಿನಲ್ಲಿ ವರ್ಣಿಸಿದ್ದವೇ. ಈ ನಿಲ್ದಾಣವಂತೂ ಅವನ ಚಿಕಿತ್ಸಾಲಯದ ಬುಡದಲ್ಲೇ ಇತ್ತು. ಮನಸ್ಸು ಎಷ್ಟು ಕಳ್ಳ ನೋಡಿ!

"ಎಲ್ಲಿಗೆ ಹೋಗ್ಬೇಕು ನೀವು?" ಕೆಳಗೆ ತಲುಪಿದ ಮೇಲೆ ಆತ ಕೇಳಿದ.

ಅವಳು ಬಾಯಿ ತೆರೆದು... ಗಪ್ಪನೆ ಮುಚ್ಚಿಕೊಂಡಳು. ಮಾತಾಡಿದರೆ ಗೊತ್ತಾಗಿಬಿಡುತ್ತೆ! ಗೋಡೆಯ ನಕ್ಷೆಯಲ್ಲಿ ಸೇತುವೆಯ ಚಿತ್ರ ತೋರಿಸಿದಳು. ಅವಳಿಗೆ ಮಾತೂ ಬರುವುದಿಲ್ಲ, ಕಿವಿಯೂ ಕೇಳುವುದಿಲ್ಲ ಎಂದುಕೊಂಡ ಆತ, ಕೈಸನ್ನೆಯಲ್ಲಿ ಸೇತುವೆ, ರೈಲು, ತಾನು, ಎಲ್ಲವನ್ನೂ ಮಾಡಿ ತೋರಿಸಿದ. ಬೇರೆ ದಿನವಾಗಿದ್ದರೆ ಅವಳು ಬಿದ್ದು ಬಿದ್ದು ನಗುತ್ತಿದ್ದಳು. ಈಗ ಕಿವಿ ಮುಟ್ಟಿ ತೋರಿಸಿ, ಕೇಳಿಸುತ್ತದೆ ಎಂದು ತಲೆಯಾಡಿಸಿದಳು.

"ಓ, ಕಿವಿ ಕೇಳ್ಸುತ್ತಾ? ಸದ್ಯ! ನಾನೂ ಆ ಕಡೆಗೇ. ಪಕ್ಕದ ಆಸ್ಪತ್ರೇಲಿ ನಮ್ಮ ಮನೆಯವರು ಕಾಯ್ತಿದ್ದಾರೆ."

ಮತ್ತದೇ ಮಾತು! ಓಡಿಹೋಗಬೇಕೆನಿಸಿತು. ಆದರೆ ಯಾವ ಕಡೆಗೆ? ಗುರುತಿಲ್ಲದ ಊರು, ಗಿಜಿಗುಡುವ ಜನ... ಸುಮ್ಮನೆ ಅವನ ಹಿಂದೆ ರೈಲು ಹತ್ತಿದಳು.

ರೈಲು ಹೊರಟಿತು. ಆತ ಫೋನ್ ತೆಗೆದ, ಯಾರಿಗೋ ಕರೆ ಮಾಡಿದ. ಅವಳ ಬ್ಯಾಗಿನೊಳಗೆ ಫೋನ್ ಗುರ್ರೆಂದಿತು! ಅವಳು ಬ್ಯಾಗನ್ನು ಹೊಟ್ಟೆಗೆ ಒತ್ತಿಕೊಂಡು, ಉಸಿರು ಬಿಗಿಹಿಡಿದು ಕುಳಿತಳು. ಪುಣ್ಯಕ್ಕೆ ರೈಲಿನ ಸದ್ದು ಕಾಪಾಡಿತು.

"ಎತ್ತಲ್ಲ..." ಆತ ನಿಟ್ಟುಸಿರಿಟ್ಟ. "ನಿಮ್ಮ ಹತ್ರ ಹೇಳಿದ್ರೆ ತಪ್ಪು ತಿಳ್ಕೋಬೇಡಿ. ಒಬ್ಬಳಿದ್ದಾಳೆ. ಮುಖ ನೋಡಿಲ್ಲ. ಧ್ವನಿ ಕೇಳದೆ ಇದ್ರೆ ಮಾತ್ರ ದಿನ ಕಳೆಯಲ್ಲ. ಇವತ್ತು ಇದೇ ಊರಲ್ಲಿದ್ದಾಳೆ. ಹೆದರೋ ಸ್ವಭಾವ ಬೇರೆ, ಒಬ್ಬಳೇ ಎಲ್ಲಿ ಅಲೀತಿದ್ದಾಳೋ... ತಲೆ ಕೆಟ್ಟುಹೋಗಿದೆ ರೀ."

ಅವಳ ಮೈಯೆಲ್ಲ ಉರಿಯಿತು. 'ಛೀ! ಹೆಂಡತಿ ಆಸ್ಪತ್ರೇಲಿ, ಇವರಿಗೆ ನಾನು ಬೇಕಾ? ಇಂಥವರಿಗಾ ನಾನು ಮನಸ್ಸು ಕೊಟ್ಟಿದ್ದು?' ಕೋಪದ ಹಿಂದೆಯೇ ಕಣ್ಣೀರು ತುಂಬಿ ಬಂತು. ಅವನಿಗಾಗಿ ಬಂದ ಕಣ್ಣೀರು ಎನ್ನುವುದೇ ಅವಳಿಗೆ ಇನ್ನಷ್ಟು ಅವಮಾನ.

ಸೇತುವೆಯ ನಿಲ್ದಾಣ ಬಂತು. ಹೊರಗೆ ಬಂದರೆ ಎದುರಿಗೇ ಆಸ್ಪತ್ರೆಯ ಗೇಟು. ಅವಳ ಕಾಲು ಸೇತುವೆಯತ್ತ ತಿರುಗಲಿಲ್ಲ. ಒಮ್ಮೆ, ಒಂದೇ ಒಂದು ಸಲ ಆ ಹೆಂಗಸಿನ ಮುಖ ನೋಡಿಬಿಡಬೇಕು. ಆಮೇಲೆ ಎಲ್ಲ ಮರೆತುಬಿಡಬೇಕು.

ಗೇಟಿನ ಬಳಿಯ ಬೆಂಚಿನಲ್ಲಿ ಒಂದು ಕಣ್ಣಿಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದ ಅಜ್ಜಿಯೊಬ್ಬರು ಕೋಲು ಕುಟ್ಟುತ್ತಾ ಎದ್ದರು.

"ಬಂದ್ಯೇನಪ್ಪಾ ಮಹಾರಾಯ! ಒಳ್ಳೇ ಬಾಡಿಗೆದಾರ ಸಿಕ್ಕಿದೀಯ ನಂಗೆ. ಮನೆ ಖಾಲಿ ಮಾಡಿಸ್ತೀನಿ ನೋಡ್ತಿರು!"

"ಕ್ಷಮಿಸಿ ಅಮ್ಮಾ, ದಾರೀಲಿ ಇವರಿಗೆ ಸ್ವಲ್ಪ..."

"ಮನೆಯವರು ಅಂದ್ರೆ ಮನೆ ಓನರ್ರಾ?!"

ಮಾತು ಹೊರಬಿದ್ದಾಗಿತ್ತು. ಅವಳು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಆತ ನಿಧಾನವಾಗಿ ತಿರುಗಿದ. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ.

"ಇನ್ನೊಂದ್ಸಲ... ಇನ್ನೊಂದ್ಸಲ ಮಾತಾಡಿ."

"ನಾನು... ನಿಮಗೆ ಮದುವೆ ಆಗಿದೆ ಅಂದ್ಕೊಂಡು..." ಅವಳ ಧ್ವನಿ ಒಡೆಯಿತು.

"ಮದುವೇನಾ! ಅದಕ್ಕಾ ಫೋನ್ ಎತ್ತಲಿಲ್ಲ? ನನ್ನಿಂದ ಏನು ತಪ್ಪಾಯ್ತೋ ಅಂತ ನಿದ್ದೆಗೆಟ್ಟು ಸತ್ತೆನಲ್ಲಾ!"

ಅಜ್ಜಿ ಒಂದೇ ಕಣ್ಣಲ್ಲಿ ಇಬ್ಬರನ್ನೂ ಅಳೆದರು. "ನಾನು ಆಟೋದಲ್ಲಿ ಹೋಗ್ತೀನಿ. ಈ ಹುಡುಗೀನ ಅಳಿಸಿದ್ರೆ ಮಾತ್ರ ನಿಜವಾಗ್ಲೂ ಖಾಲಿ ಮಾಡಿಸ್ತೀನಿ" ಎಂದು ಕೋಲೂರುತ್ತಾ ಹೊರಟೇಬಿಟ್ಟರು.

ಇಬ್ಬರೇ ಉಳಿದರು. ಬೆಳಗಿನಿಂದ ಬಿಗಿಹಿಡಿದಿದ್ದ ಬ್ಯಾಗು ಯಾವಾಗ ಅವಳ ಕೈಯಿಂದ ಜಾರಿ ಬೆಂಚಿನ ಮೇಲೆ ಕುಳಿತಿತೋ ಅವಳಿಗೇ ತಿಳಿಯಲಿಲ್ಲ.

"ರೈಲಲ್ಲಿ ನಾನು ಹೇಳಿದ್ದೆಲ್ಲಾ ಕೇಳಿಸ್ಕೊಂಡ್ರಾ?"

"ಹೂಂ."

"ಒಂದು ಮಾತು ಬಾಕಿ ಉಳೀತು. ಅವಳು ಒಪ್ಪಿದ್ರೆ ಮದುವೆ ಆಗ್ಬೇಕು ಅಂತಿದ್ದೀನಿ."

ಅವಳು ತಲೆ ತಗ್ಗಿಸಿದಳು. "ಒಪ್ಪದೆ ಇದ್ರೆ?"

"ಭಯ ಆಗ್ತಿದೆ," ಅವನ ಧ್ವನಿ ನಡುಗಿತು. "ನಿಜವಾಗ್ಲೂ ತುಂಬಾ ಭಯ ಆಗ್ತಿದೆ."

ಈ ಊರಲ್ಲಿ ಹೆದರುವವಳು ತಾನೊಬ್ಬಳೇ ಎಂದುಕೊಂಡಿದ್ದಳು ಹುಚ್ಚಿ! ಮೊದಲ ಸಲ ಅವನ ಮುಖವನ್ನು ನೇರವಾಗಿ ನೋಡಿದಳು, ಅವನ ಕೈ ಹಿಡಿದುಕೊಂಡಳು.

"ಹೆದರ್ಬೇಡಿ," ಎಂದಳು ಮೆಲ್ಲಗೆ, "ಅವಳು ಒಪ್ಪಿದ್ದಾಳೆ."